ಕಾಣದ ಹುಲಿಯ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಊರಿನಲ್ಲಿ ಚಿರತೆಯ ಭೀತಿ ಹಬ್ಬಿತ್ತು. ಕತ್ತಲಾಗುವ ಮೊದಲೇ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಒಬ್ಬರೇ ಹೋಗುತ್ತಿರಲಿಲ್ಲ. “ನಾಲ್ಕು ಚಿರತೆ ಐತಂತೆ ಅಣ್ಣಾ,” ಎಂದಳು ತಂಗಿ. ನಾಲ್ಕೆಂದು ಎಣಿಸಿದವರು ಯಾರು ಎಂದು ಕೇಳಿದೆ. ಸೋಮವಾರ ಗುಡ್ಡದ ಬಂಡೆಯ ಮೇಲೆ ಒಂದನ್ನು ಕಂಡಿದ್ದರಂತೆ. ಬುಧವಾರ ಕೆರೆಯ ಏರಿಯ ಮೇಲೆ ಒಂದು. ಶುಕ್ರವಾರ ಮಾವಿನ ತೋಪಿನಲ್ಲಿ ಒಂದು. ಭಾನುವಾರ ಶಾಲೆಯ ಹಿಂದೆ ಇನ್ನೊಂದು. ಅಲ್ಲಿಗೆ ನಾಲ್ಕು! ಅದೇ ಸಂಜೆ ಪಕ್ಕದ ಮನೆಯ ಹಿರಿಯರೊಬ್ಬರು ಜಗಲಿಗೆ ಬಂದು ಕುಳಿತು, “ಎಲ್ಲಾ ಸುಳ್ಳು ಮೇಷ್ಟ್ರೇ. ದಿನಾ ಗುಡ್ಡಕ್ಕೆ ಹೋಗಿ ಬರ್ತೀನಿ. ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಚಿರತೆಯೇ ಇಲ್ಲ,” ಎಂದು ತೀರ್ಪು ಕೊಟ್ಟರು.

ಕಂಡಷ್ಟು ಸಲವೂ ಬೇರೆಬೇರೆ ಚಿರತೆಯೇ ಎಂಬುದು ಒಂದು ವಾದ. ಕಾಣಲಿಲ್ಲವಾದ್ದರಿಂದ ಇಲ್ಲವೇ ಇಲ್ಲ ಎಂಬುದು ಇನ್ನೊಂದು. ಇವೆರಡೂ ತಪ್ಪಾಗಿರಬಹುದೆಂದು ಆ ಜಗಲಿಯ ಮೇಲೆ ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ಬದುಕಿನುದ್ದಕ್ಕೂ ಕಾವ್ಯದ ಪಾಠ ಹೇಳಿದವನು ನಾನು. ಗಣಿತವೆಂದರೆ ದೂರದಿಂದಲೇ ಕೈಮುಗಿಯುವ ಪೈಕಿ. ಆದರೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಕಾಡಿನ ಪ್ರಾಣಿಗಳನ್ನು ಎಣಿಸುವವರು ಹೇಗೆ ಎಣಿಸುತ್ತಾರೆ? ಅವರ ಸಂಖ್ಯೆಯನ್ನು ನಾವು ನಂಬುವುದು ಹೇಗೆ? ಈ ಕುತೂಹಲದಿಂದ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಪರಂಪರೆಗೆ ಈ ವಿಷಯ ಪೂರ್ತಿ ಅಪರಿಚಿತವೇನೂ ಅಲ್ಲ. ಮಹಾಭಾರತದ ನಳೋಪಾಖ್ಯಾನವನ್ನು ನೆನೆಯಿರಿ. ಬಾಹುಕನ ವೇಷದಲ್ಲಿರುವ ನಳ ರಥವನ್ನು ಹೊಡೆಯುತ್ತಿದ್ದಾನೆ. ಒಳಗೆ ಕುಳಿತ ಋತುಪರ್ಣ ರಾಜ ದಾರಿಯ ಬದಿಯ ತಾರೆಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಇಷ್ಟು ಕೋಟಿ ಎಲೆಗಳಿವೆ, ಇಷ್ಟು ಹಣ್ಣುಗಳಿವೆ ಎಂದು ನಿಂತ ನಿಲುವಿನಲ್ಲಿ ಹೇಳಿಬಿಡುತ್ತಾನೆ. ನಳನಿಗೆ ನಂಬಿಕೆಯಿಲ್ಲ. ರಥ ನಿಲ್ಲಿಸಿ, ಮರವನ್ನೇ ಕೆಡವಿ, ಹಣ್ಣುಗಳನ್ನು ಎಣಿಸಿ ನೋಡುತ್ತಾನೆ; ಲೆಕ್ಕ ಸರಿಯಾಗಿದೆ! ಋತುಪರ್ಣ ತನಗೆ ಗೊತ್ತಿರುವ ಅಕ್ಷಹೃದಯವನ್ನು ಕೊಟ್ಟು, ನಳನಿಂದ ಅಶ್ವಹೃದಯವನ್ನು ಪಡೆಯುವ ಒಪ್ಪಂದವಾಗುತ್ತದೆ. ಚಿಂತಾಮಣಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಕನಕದಾಸರ ‘ನಳಚರಿತ್ರೆ’ಯ ಸಂದರ್ಭದಲ್ಲಿ ಈ ಮೂಲಕಥೆಯನ್ನು ಹೇಳಿ, ಋತುಪರ್ಣನ ವಿದ್ಯೆಯನ್ನು ಒಂದು ಪವಾಡವೆಂಬಂತೆ ವಿವರಿಸಿ ಮುಂದೆ ಹೋಗುತ್ತಿದ್ದೆ. ಒಂದು ಸಂಗತಿಯನ್ನು ಮಾತ್ರ ಗಮನಿಸಿರಲಿಲ್ಲ. ಜೂಜಿನ ವಿದ್ಯೆ ಮತ್ತು ಎಲೆ ಎಣಿಸುವ ವಿದ್ಯೆ ಎರಡನ್ನೂ ಆ ಕವಿ ಒಬ್ಬನ ಕೈಯಲ್ಲೇ ಇಟ್ಟಿದ್ದಾನೆ. ಇಂದಿನ ಸಂಖ್ಯಾಶಾಸ್ತ್ರವೂ ಅದನ್ನೇ ಹೇಳುತ್ತದೆ: ದಾಳದ ಸಂಭವನೀಯತೆಯನ್ನು ಅರಿತವನಿಗೆ ಮರದ ಎಲೆಯ ಅಂದಾಜೂ ಒಲಿಯುತ್ತದೆ. ಪೂರ್ತಿ ಮರವನ್ನು ಕೆಡವಬೇಕಾಗಿಲ್ಲ; ಸರಿಯಾಗಿ ಆರಿಸಿದ ಎರಡು ಕೊಂಬೆ ಸಾಕು.

ಶಿಡ್ಲಘಟ್ಟದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಹರಾಜಿಗೆ ಮೊದಲು ರೀಲರ್ ಒಂದೊಂದು ಲಾಟಿನ ಮುಂದೆ ನಿಂತು ಒಂದು ಹಿಡಿ ಗೂಡನ್ನು ಎತ್ತುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಬೆರಳಿನಿಂದ ಒತ್ತಿ ನೋಡುತ್ತಾನೆ. ಆ ಹಿಡಿಯಲ್ಲಿ ಜೊಳ್ಳು ಎಷ್ಟು, ಜೋಡಿಗೂಡು ಎಷ್ಟು ಎಂಬುದರ ಮೇಲೆ ಇಡೀ ಲಾಟಿನ ನೂಲು ಎಷ್ಟು ಬಂದೀತೆಂದು ಅವನು ಅಳೆಯುತ್ತಾನೆ. ಅನುಭವಿಯಾದವನು ಮೇಲಿನ ಗೂಡನ್ನು ಮಾತ್ರ ಎತ್ತುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದಿಂದಲೂ ಒಂದು ಹಿಡಿ ತೆಗೆಯುತ್ತಾನೆ. ಒಳ್ಳೆಯ ಗೂಡನ್ನು ಮೇಲೆ ಹರಡುವ ಮನುಷ್ಯಸ್ವಭಾವ ಅವನಿಗೆ ಗೊತ್ತು. ಅನುಕೂಲವಾದ ಕಡೆ ಮಾತ್ರ ನೋಡಿ ಎಲ್ಲ ಕಡೆಯೂ ಹಾಗೆಯೇ ಇದೆಯೆಂದು ತಿಳಿಯಬಾರದು ಎಂಬ ಪಾಠವನ್ನು ಅವನು ನಷ್ಟಪಟ್ಟು ಕಲಿತಿರುತ್ತಾನೆ.

ಆದರೆ ಗೂಡಿಗೂ ಕಾಡಿನ ಪ್ರಾಣಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಗೂಡು ಓಡಿಹೋಗುವುದಿಲ್ಲ, ಅಡಗಿಕೊಳ್ಳುವುದಿಲ್ಲ. ಕೈಗೆ ಬಂದ ಹಿಡಿಯಲ್ಲಿ ಎಷ್ಟಿವೆಯೋ ಅಷ್ಟನ್ನೂ ಎಣಿಸಬಹುದು. ಕಾಡಿನಲ್ಲಿ ತೊಂದರೆ ಎರಡು ಬಗೆಯದು. ಒಂದು, ಎಲ್ಲ ಕಡೆಯೂ ಹೋಗಿ ನೋಡಲಾಗದು. ಎರಡು, ಹೋದ ಕಡೆಯಲ್ಲೂ ಇರುವುದೆಲ್ಲ ಕಾಣದು. ಮೊದಲನೆಯ ತೊಂದರೆಗೆ ರೀಲರನ ಹಿಡಿ ಪರಿಹಾರ. ಎರಡನೆಯದಕ್ಕೆ ಏನು ಮಾಡಬೇಕು? ಕಾಣದೆ ಉಳಿದವು ಎಷ್ಟು ಎಂಬುದನ್ನು ಕಂಡವುಗಳಿಂದಲೇ ತಿಳಿಯಬಹುದೆ?

ತಿಳಿಯಬಹುದು. ಅದರ ಯುಕ್ತಿ ಆಶ್ಚರ್ಯವಾಗುವಷ್ಟು ಸರಳವಾಗಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಲ್ಲಿ ಎಷ್ಟು ಮೀನುಗಳಿವೆ ಎಂದು ತಿಳಿಯಬೇಕಾಗಿದೆ ಎಂದಿಟ್ಟುಕೊಳ್ಳಿ. ಮೊದಲ ದಿನ ಬಲೆ ಬೀಸಿ 60 ಮೀನು ಹಿಡಿದು, ಪ್ರತಿಯೊಂದಕ್ಕೂ ಒಂದು ಗುರುತು ಹಾಕಿ ಮತ್ತೆ ನೀರಿಗೆ ಬಿಡಿ. ಅವು ಉಳಿದ ಮೀನುಗಳೊಂದಿಗೆ ಬೆರೆಯಲಿ. ಕೆಲವು ದಿನ ಕಳೆದು ಮತ್ತೆ ಬಲೆ ಬೀಸಿ. ಈ ಸಲ 50 ಮೀನು ಸಿಕ್ಕಿದವು. ಅವುಗಳಲ್ಲಿ 10ಕ್ಕೆ ಗುರುತಿದೆ. ಅಂದರೆ ಬಲೆಗೆ ಬಿದ್ದ ಐದರಲ್ಲಿ ಒಂದು ಗುರುತಿನ ಮೀನು. ಇಡೀ ಕೆರೆಯಲ್ಲೂ ಐದರಲ್ಲಿ ಒಂದಕ್ಕೆ ಗುರುತಿರಬೇಕು. ನಾವು ಗುರುತು ಹಾಕಿದ್ದು 60ಕ್ಕೆ. ಹಾಗಾದರೆ ಕೆರೆಯಲ್ಲಿರುವುದು ಸುಮಾರು 300. ಕಂಡದ್ದು ನೂರು; ಕಾಣದ್ದನ್ನು ಸೇರಿಸಿ ಹೇಳಿದ್ದು ಮುನ್ನೂರು!

ಡೆನ್ಮಾರ್ಕಿನ ಮೀನುವಿಜ್ಞಾನಿ ಪೀಟರ್‌ಸನ್ ಮೀನುಗಳಿಗೆ ಗುರುತು ಹಾಕಿದ್ದು 1896ರ ಸುಮಾರಿಗೆ. ಅಮೆರಿಕದ ಲಿಂಕನ್ ಎಂಬ ಪಕ್ಷಿತಜ್ಞ 1930ರಲ್ಲಿ ಇದೇ ತರ್ಕವನ್ನು ಉಂಗುರ ತೊಡಿಸಿದ ಬಾತುಗಳಿಗೆ ಅನ್ವಯಿಸಿದ. ಹಿಡಿದು ಬಿಟ್ಟು ಮತ್ತೆ ಹಿಡಿಯುವ ಈ ಕ್ರಮಕ್ಕೆ ಕೆಲವು ಕಟ್ಟುಪಾಡುಗಳಿವೆ. ಹಾಕಿದ ಗುರುತು ಅಳಿಯಬಾರದು. ಎರಡು ಬಲೆಗಳ ನಡುವೆ ಹೊಸ ಮೀನು ಬಂದು ಸೇರಬಾರದು, ಹಳೆಯದು ಹೋಗಬಾರದು. ಒಮ್ಮೆ ಸಿಕ್ಕಿಬಿದ್ದ ಮೀನು ಬಲೆಗೆ ಹೆದರಿ ದೂರ ಉಳಿಯಬಾರದು. ನಿಜವಾದ ಕೆರೆಯಲ್ಲಿ ಇವೆಲ್ಲವೂ ಪೂರ್ತಿ ನಡೆಯುವುದಿಲ್ಲ. ನಡೆಯದಿದ್ದಾಗ ಲೆಕ್ಕ ಎಷ್ಟು ಕೆಡುತ್ತದೆ, ಅದನ್ನು ಹೇಗೆ ತಿದ್ದಬೇಕು ಎಂದು ಯೋಚಿಸುವುದೇ ಸಂಖ್ಯಾಶಾಸ್ತ್ರಜ್ಞನ ಕಸುಬು. ಅವನು ಕಟ್ಟುವ ಗಣಿತದ ಮಾದರಿಯೆಂದರೆ ಇಷ್ಟೇ: ಕಾಡಿನಲ್ಲಿ ನಿಜವಾಗಿ ನಡೆಯುವುದು ಒಂದು, ನಮ್ಮ ಕಣ್ಣಿಗೆ ಬೀಳುವುದು ಇನ್ನೊಂದು, ಇವೆರಡರ ನಡುವಿನ ಸಂಬಂಧವನ್ನು ಸ್ಪಷ್ಟವಾಗಿ ಬರೆದಿಡುವುದು.

ಇನ್ನು ಹುಲಿಯ ವಿಷಯಕ್ಕೆ ಬರೋಣ. 1972ರ ಎಣಿಕೆಯಲ್ಲಿ ಭಾರತದ ಹುಲಿಗಳ ಸಂಖ್ಯೆ 1,827 ಎಂದು ತಿಳಿದುಬಂತು. 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾಯಿತು; ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಗಿನ ಎಣಿಕೆ ಹೆಜ್ಜೆಗುರುತಿನದು. ಕಾಡಿನ ಸಿಬ್ಬಂದಿ ದಾರಿದಾರಿಯಲ್ಲಿ ಹುಡುಕಿ, ಹೆಜ್ಜೆಯ ಮೇಲೆ ಗಾಜಿಟ್ಟು, ಅದರ ಆಕಾರವನ್ನು ಬರೆದುಕೊಂಡು ತರುತ್ತಿದ್ದರು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ, ಅನುಭವಿ ಅದನ್ನು ಗುರುತಿಸಬಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಬಿಸಿಲಿನಲ್ಲಿ ನಡೆದ ಆ ಸಿಬ್ಬಂದಿಯ ಶ್ರಮವನ್ನು ಹಗುರವಾಗಿ ಕಾಣಬಾರದು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಒಣದೂಳಿನಲ್ಲಿ ಇನ್ನೊಂದು ಬಗೆ. ನಡೆದಾಗ ಒಂದು, ಓಡಿದಾಗ ಮತ್ತೊಂದು. ನನ್ನ ತಂಗಿಯ ಊರಿನ ನಾಲ್ಕು ಚಿರತೆಗಳ ಕಥೆಯೇ ಇಲ್ಲಿಯೂ! ಮೇಲಾಗಿ, ಈ ಕ್ರಮ ಎಲ್ಲ ಹುಲಿಗಳನ್ನೂ ಎಣಿಸಿಬಿಟ್ಟೆವೆಂದು ಹೇಳುತ್ತಿತ್ತು. ತಪ್ಪಿಹೋದವು ಎಷ್ಟು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವೇ ಇರಲಿಲ್ಲ.

ಈ ಪ್ರಶ್ನೆಯನ್ನು ಬಿಡದೆ ಕೇಳಿದವರು ಕನ್ನಡಿಗರೇ ಎಂಬುದು ನಮಗೆ ಸಂತೋಷದ ಸಂಗತಿ. ಅವರು ಉಲ್ಲಾಸ ಕಾರಂತರು. ನಮ್ಮ ಶಿವರಾಮ ಕಾರಂತರ ಮಗ. ತಂದೆ ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನವನ್ನು ತಲುಪಿಸಿದವರು. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಕಾಡಿನ ಅಧ್ಯಯನಕ್ಕೆ ತೊಡಗಿದವರು. ಬಂಧನದಲ್ಲಿದ್ದ ಕೆಲವೇ ಹುಲಿಗಳ ಹೆಜ್ಜೆಯಚ್ಚುಗಳನ್ನು ಎಣಿಕೆಯಲ್ಲಿ ಪಳಗಿದವರಿಗೆ ಕೊಟ್ಟು, ಇವು ಎಷ್ಟು ಹುಲಿಗಳವು ಹೇಳಿ ಎಂದು ಅವರು ಪರೀಕ್ಷಿಸಿ ನೋಡಿದರು. ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ನಿಜಸಂಖ್ಯೆಗೂ ಹೊಂದಲಿಲ್ಲ.

ಹಾಗಾದರೆ ಹುಲಿಗೆ ಗುರುತು ಹಾಕುವವರಾರು? ಹಾಕಬೇಕಾಗಿಲ್ಲ, ಪ್ರಕೃತಿಯೇ ಹಾಕಿ ಕಳುಹಿಸಿದೆ. ನಮ್ಮ ಹೆಬ್ಬೆಟ್ಟಿನ ಗೆರೆಯಂತೆ, ಒಂದು ಹುಲಿಯ ಮೈಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಒಂದೇ ಹುಲಿಯ ಎಡಮೈಯ ಪಟ್ಟೆ ಬಲಮೈಗೆ ಹೊಂದುವುದಿಲ್ಲ. 1920ರ ದಶಕದಲ್ಲಿಯೇ ಚಾಂಪಿಯನ್ ಎಂಬ ಬ್ರಿಟಿಷ್ ಅರಣ್ಯಾಧಿಕಾರಿ, ಹುಲಿಯ ಕಾಲು ತಂತಿಗೆ ತಗುಲಿದಾಗ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಉತ್ತರದ ಕಾಡುಗಳಲ್ಲಿ ಇಟ್ಟಿದ್ದರು. ಆ ಕಲೆಯನ್ನು ಕಾರಂತರು ನಾಗರಹೊಳೆಯಲ್ಲಿ ಶಾಸ್ತ್ರಕ್ಕೆ ಜೋಡಿಸಿದರು. ಹುಲಿ ಓಡಾಡುವ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಇಟ್ಟರೆ ಎರಡೂ ಮೈಯ ಚಿತ್ರ ಒಮ್ಮೆಗೇ ಸಿಕ್ಕುತ್ತದೆ. ಚಿತ್ರಕ್ಕೆ ಸಿಕ್ಕಿದರೆ ‘ಹಿಡಿದಂತೆ’. ಮತ್ತೊಮ್ಮೆ ಸಿಕ್ಕಿದರೆ ‘ಮತ್ತೆ ಹಿಡಿದಂತೆ’. ಕೆರೆಯ ಮೀನಿನ ಲೆಕ್ಕವನ್ನು ಹುಲಿಗೆ, ಅದನ್ನು ಮುಟ್ಟದೆಯೇ ಅನ್ವಯಿಸಿದಂತಾಯಿತು. 1995ರಲ್ಲಿ ಈ ಕ್ರಮವನ್ನು ವಿವರಿಸುವ ಅವರ ಲೇಖನ ಪ್ರಕಟವಾಯಿತು. ಅಮೆರಿಕದ ಸಂಖ್ಯಾಶಾಸ್ತ್ರಪರಿಣತ ಜೇಮ್ಸ್ ನಿಕೋಲ್ಸ್ ಅವರೊಡನೆ 1998ರಲ್ಲಿ ಬರೆದ ಇನ್ನೊಂದು ಲೇಖನ ಅದನ್ನು ಭಾರತದ ಬೇರೆ ಕಾಡುಗಳಿಗೂ ವಿಸ್ತರಿಸಿತು.

ತೊಡಕುಗಳು ಇಲ್ಲಿಯೂ ಇವೆ. ಎಲ್ಲ ಹುಲಿಗಳೂ ಕ್ಯಾಮೆರಾಕ್ಕೆ ಸಮನಾಗಿ ಸಿಕ್ಕುವುದಿಲ್ಲ. ತನ್ನ ಗಡಿಯನ್ನು ಸುತ್ತುವ ಗಂಡುಹುಲಿ ಮತ್ತೆಮತ್ತೆ ಸಿಕ್ಕೀತು. ಮರಿಗಳನ್ನು ಪೊದೆಯಲ್ಲಿಟ್ಟ ತಾಯಿ ವಿರಳವಾಗಿ ಸಿಕ್ಕೀತು. ಕ್ಯಾಮೆರಾ ಇರುವ ಜಾಗಕ್ಕೆ ಹುಲಿಯ ವಾಸದ ನಡು ಹತ್ತಿರವಿದ್ದರೆ ಒಂದು ಲೆಕ್ಕ, ದೂರವಿದ್ದರೆ ಇನ್ನೊಂದು. 2009ರಲ್ಲಿ ಆಂಡಿ ರಾಯ್ಲ್, ಉಲ್ಲಾಸ ಕಾರಂತ, ಅರ್ಜುನ್ ಗೋಪಾಲಸ್ವಾಮಿ ಮತ್ತು ಸಂಗಡಿಗರು ನಾಗರಹೊಳೆಯ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು, ಯಾವ ಹುಲಿ ಎಲ್ಲಿ ಸಿಕ್ಕಿತು ಎಂಬ ಸ್ಥಳವನ್ನೂ ಲೆಕ್ಕದೊಳಗೆ ಸೇರಿಸುವ ಹೊಸ ಮಾದರಿಯನ್ನು ಪ್ರಕಟಿಸಿದರು. ಇಂದು ಈ ಬಗೆಯ ಲೆಕ್ಕ, ಪಟ್ಟೆಯೋ ಚುಕ್ಕೆಯೋ ಇರುವ ಬೇರೆ ಪ್ರಾಣಿಗಳಿಗೂ ನಡೆಯುತ್ತಿದೆ. ಚಿರತೆಯ ಮೈಯ ಚುಕ್ಕೆಗಳೂ ಒಂದರಂತೆ ಒಂದಿಲ್ಲವಷ್ಟೆ.

ಮೈಮೇಲೆ ಗುರುತಿಲ್ಲದ ಪ್ರಾಣಿಗಳ ಗತಿಯೇನು ಎಂದು ನೀವು ಕೇಳಬಹುದು. ಅದಕ್ಕೆ ಬೇರೆ ಉಪಾಯವಿದೆ. ಗೌರಿಬಿದನೂರಿನಿಂದ ಮಧುಗಿರಿಯ ಕಡೆಗೆ ಹೋದರೆ ಮೈದನಹಳ್ಳಿಯ ಹುಲ್ಲುಗಾವಲು ಸಿಕ್ಕುತ್ತದೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಯಲು ಅದು. ಅಂತಹ ಬಯಲಿನಲ್ಲಿ ನೇರವಾದ ಒಂದು ಗೆರೆ ಹಿಡಿದು ನಡೆಯಿರಿ. ಕಂಡ ಪ್ರತಿ ಹಿಂಡೂ ಆ ಗೆರೆಯಿಂದ ಎಷ್ಟು ದೂರವಿತ್ತೆಂದು ಬರೆದುಕೊಳ್ಳಿ. ಹತ್ತಿರದವು ಹೆಚ್ಚು ಕಂಡಾವು, ದೂರದವು ಕಡಿಮೆ. ದೂರದಲ್ಲಿ ಮೃಗಗಳೇ ಕಡಿಮೆಯಿದ್ದವೆಂದಲ್ಲ, ನಮ್ಮ ಕಣ್ಣು ಸೋತಿತೆಂದು ಅರ್ಥ. ದೂರ ಹೆಚ್ಚಿದಂತೆ ಕಾಣುವಿಕೆ ಎಷ್ಟು ಕುಗ್ಗುತ್ತದೆ ಎಂಬುದರಿಂದ, ತಪ್ಪಿಹೋದವು ಎಷ್ಟೆಂದು ಅಂದಾಜು ಮಾಡಬಹುದು. ಕಣ್ಣಿನ ಸೋಲನ್ನೇ ಅಳತೆಗೋಲಾಗಿ ಮಾಡಿಕೊಂಡ ಜಾಣ್ಮೆ ಇದು. ನಾಗರಹೊಳೆಯಲ್ಲಿ ಜಿಂಕೆ, ಕಡವೆ, ಕಾಟಿಗಳ ಲೆಕ್ಕವನ್ನು ಹೀಗೆಯೇ ನಡೆದು ತೆಗೆದರು. ಏಕೆಂದರೆ ಹುಲಿಯ ಭವಿಷ್ಯ ಬಲಿಪ್ರಾಣಿಗಳ ಕೈಯಲ್ಲಿದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳ ಆಹಾರ ಬೇಕು. ಇರುವ ಹಿಂಡಿನಲ್ಲಿ ಹತ್ತರಲ್ಲೊಂದನ್ನು ಅದು ತಿನ್ನುತ್ತದೆ. ಹಾಗಾಗಿ ಒಂದು ಹುಲಿ ಉಳಿಯಬೇಕಾದರೆ ಸುಮಾರು 500 ಪ್ರಾಣಿಗಳ ಹಿಂಡು ಇರಬೇಕು. ಜಿಂಕೆಯಿಲ್ಲದ ಕಾಡಿನಲ್ಲಿ ಕಳ್ಳಬೇಟೆಗಾರ ಬಾರದಿದ್ದರೂ ಹುಲಿ ಉಳಿಯದು.

ಇದೆಲ್ಲ ವಿದ್ವಾಂಸರ ಲೆಕ್ಕಾಚಾರ, ನಮಗೇನು ಎಂದು ಅನ್ನಿಸೀತು. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ 2004ರಲ್ಲಿ ಕಾಗದದ ಮೇಲೆ 16ಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಮೊದಲ ತಿಂಗಳುಗಳಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆ ಅವುಗಳನ್ನು ಮುಗಿಸಿತ್ತು. ಹುಲಿಗಳು ಒಂದೊಂದಾಗಿ ಸಾಯುತ್ತಿದ್ದಾಗ ಸಂಖ್ಯೆ ಮಾತ್ರ ಆರೋಗ್ಯವಾಗಿ ಬದುಕಿತ್ತು! ತಪ್ಪು ಸಂಖ್ಯೆ ಬರಿಯ ತಪ್ಪಲ್ಲ. ಅದು ಕಾವಲುಗಾರನನ್ನು ನಿದ್ದೆಗೆ ದೂಡುವ ಜೋಗುಳ. ಆ ಆಘಾತದ ಬಳಿಕ ಕೇಂದ್ರಸರ್ಕಾರ ಹುಲಿ ಕಾರ್ಯಪಡೆಯನ್ನು ನೇಮಿಸಿತು. ಹೆಜ್ಜೆಗುರುತಿನ ಗಣತಿ ಹಿಂದೆ ಸರಿಯಿತು. ಹೊಸ ಕ್ರಮದಲ್ಲಿ 2006ರ ಎಣಿಕೆ ನಡೆದು ಬಂದ ಸಂಖ್ಯೆ 1,411. ಅದಕ್ಕೆ ಮೊದಲು 2002ರಲ್ಲಿ ಹೇಳಿದ್ದು 3,642. ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹುಲಿಗಳು ಸತ್ತವೆಂದು ಹಲವರು ಬೆಚ್ಚಿದರು. ಆದರೆ ಒಂದನ್ನು ಮೊಳದಲ್ಲಿ, ಇನ್ನೊಂದನ್ನು ಗಜದಲ್ಲಿ ಅಳೆದರೆ ಎರಡನ್ನೂ ಕಳೆದು ನೋಡುವುದರಲ್ಲಿ ಅರ್ಥವಿಲ್ಲ. ಹಳೆಯ ಸಂಖ್ಯೆ ಮೊದಲಿನಿಂದಲೂ ನಂಬಲರ್ಹವಾಗಿರಲಿಲ್ಲ ಎಂಬುದೇ ಅಲ್ಲಿಯ ಪಾಠ.

2022ರ ಎಣಿಕೆಯ ವರದಿಯನ್ನು ನೋಡಿದರೆ ಈ ವಿದ್ಯೆಯ ಸ್ವಭಾವ ತಿಳಿಯುತ್ತದೆ. ಅದು ಹುಲಿಗಳು ಇಷ್ಟೇ ಎಂದು ಒಂದು ಸಂಖ್ಯೆಯನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಕನಿಷ್ಠ 3,167, ಹೆಚ್ಚೆಂದರೆ 3,925, ನಡುವಿನ ಅಂದಾಜು 3,682 ಎನ್ನುತ್ತದೆ. ಕರ್ನಾಟಕದ ಪಾಲು 563. ಈ ‘ಇಷ್ಟರಿಂದ ಇಷ್ಟು’ ಎಂಬ ಮಾತು ಕೆಲವರಿಗೆ ಅರೆಮನಸ್ಸಿನದಾಗಿ ಕೇಳಿಸೀತು. ನನಗೆ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ. ತನಗೆ ತಿಳಿದದ್ದು ಎಷ್ಟು ಎಂಬುದರೊಡನೆ, ತಿಳಿಯದಿರುವುದು ಎಷ್ಟು ಎಂಬುದನ್ನೂ ಅದು ಅಳೆದು ಹೇಳುತ್ತದೆ. ರಾಷ್ಟ್ರೀಯ ಎಣಿಕೆಯ ಕ್ರಮದ ಬಗೆಗೂ ಭಿನ್ನಾಭಿಪ್ರಾಯಗಳಿವೆ. ಕೆಲವು ಕಾಡುಗಳ ಕ್ಯಾಮೆರಾಚಿತ್ರಗಳಿಂದ ಬಂದ ಸಂಬಂಧವನ್ನು ಹೆಜ್ಜೆ, ಹಿಕ್ಕೆಗಳ ಗುರುತು ಮಾತ್ರ ಸಿಕ್ಕ ವಿಶಾಲ ಪ್ರದೇಶಕ್ಕೆ ಹಬ್ಬಿಸುವುದು ಎಷ್ಟು ಸರಿ ಎಂದು ಗೋಪಾಲಸ್ವಾಮಿ, ಕಾರಂತ ಮತ್ತು ಸಂಗಡಿಗರು 2015ರಲ್ಲಿ ಪ್ರಶ್ನಿಸಿದರು. ಎಣಿಕೆ ನಡೆಸಿದವರು ತಮ್ಮ ಕ್ರಮವನ್ನು ಸಮರ್ಥಿಸಿಕೊಂಡರು. ಲೆಕ್ಕದ ದಾರಿಯನ್ನು ಬಿಚ್ಚಿಟ್ಟವರೊಡನೆ ಹೀಗೆ ವಾದಿಸಬಹುದು. ಬರಿಯ ಸಂಖ್ಯೆಯನ್ನು ಘೋಷಿಸುವವರೊಡನೆ ವಾದಿಸುವುದು ಹೇಗೆ?

ಇನ್ನೊಂದು ಮಾತು ಹೇಳಬೇಕು. ನಾಗರಹೊಳೆಯಲ್ಲಿ ಒಂಬತ್ತು ವರ್ಷಗಳ ಚಿತ್ರಗಳನ್ನು ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ಇದ್ದ ನೂರು ಹುಲಿಗಳಲ್ಲಿ ಮರುವರ್ಷಕ್ಕೆ ಅಲ್ಲಿ ಉಳಿಯುವವು ಸುಮಾರು 77 ಎಂಬ ಪ್ರಮಾಣ ಸಿಕ್ಕಿತು. ಉಳಿದವು ಸತ್ತಿರಬಹುದು, ಇಲ್ಲವೆ ಬೇರೆ ಕಾಡಿಗೆ ಹೋಗಿರಬಹುದು. ಆದರೂ ಅಲ್ಲಿಯ ಹುಲಿಗಳ ಸಂಖ್ಯೆ ಕುಸಿಯಲಿಲ್ಲ. ಹೊಸ ಹುಲಿಗಳು ಬಂದು ಸೇರಿದವು. ಕಾಪಾಡಿದ ಕಾಡು ನಿಂತ ಕೆರೆಯಲ್ಲ, ಹರಿಯುವ ಹೊಳೆ ಎಂದಾಯಿತು. ಒಂದು ಹುಲಿಯ ಸಾವಿನ ಸುದ್ದಿ ಓದಿ ಎಲ್ಲವೂ ಮುಗಿಯಿತೆಂದು ಅಳುವುದೂ, ಒಂದು ಮರಿಯ ಚಿತ್ರ ಕಂಡು ಎಲ್ಲವೂ ಸರಿಹೋಯಿತೆಂದು ನಲಿಯುವುದೂ ಎರಡೂ ಬೇಡ. ಬರುವುದೆಷ್ಟು, ಹೋಗುವುದೆಷ್ಟು ಎಂಬ ಲೆಕ್ಕ ವರ್ಷವರ್ಷವೂ ಬೇಕು.

ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲೊಂದು ಕೆಲಸ ಮಾಡುತ್ತಿದೆ. ದೂರದ ಭೂಮಿಯ ನಡುಕವನ್ನು ಒಂದೇ ಉಪಕರಣ ಖಚಿತವಾಗಿ ಹೇಳಲಾರದು. ಹಲವು ಕಿವಿಗಳು ಹೊಲಗದ್ದೆಗಳ ನಡುವೆ ಹರಡಿ ಕುಳಿತು, ತಾವು ಕೇಳಿದ್ದನ್ನು ಹೋಲಿಸಿದಾಗ ಗದ್ದಲದೊಳಗಿನ ನಿಜವಾದ ಸದ್ದು ಬೇರೆಯಾಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ತತ್ತ್ವವನ್ನು ಹೇಳಿಕೊಡಲು ದೂರ ಹೋಗಬೇಕಾಗಿಲ್ಲ. ಗೌರಿಬಿದನೂರಿನ ಬಯಲಿದೆ, ಶಿಡ್ಲಘಟ್ಟದ ಗೂಡಿನ ಲಾಟಿದೆ.

ಮತ್ತೆ ಆ ಜಗಲಿಗೆ ಹಿಂದಿರುಗುತ್ತೇನೆ. ಕೆಲವು ವಾರಗಳ ಮೇಲೆ ಆ ಗುಡ್ಡದ ಬಳಿ ಕ್ಯಾಮೆರಾ ಕಟ್ಟಿದರು. ಬಂಡೆಯ ಹತ್ತಿರ ಒಂದು ಚಿತ್ರ, ಕೆರೆಯ ಏರಿಯಲ್ಲಿ ಒಂದು, ತೋಪಿನ ಅಂಚಿನಲ್ಲಿ ಒಂದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪಕ್ಕೆಯ ಮೇಲಿನ ಚುಕ್ಕೆಗಳ ಸಾಲು ಒಂದೇ. ನಾಲ್ಕು ಚಿರತೆಗಳು ಒಂದಾದವು; “ಇಲ್ಲವೇ ಇಲ್ಲ” ಎಂದವರ ಚಿರತೆಯೂ ಎದ್ದು ಬಂತು. ಊರಿಗೆ ಊರೇ ಮೊದಲ ಬಾರಿಗೆ ಸಮಾಧಾನದಿಂದ ಮಾತಾಡಿತು. ದೊಡ್ಡಿಗೆ ಗಟ್ಟಿಯಾದ ಮಾಡು ಹಾಕಿಸುವುದು, ರಾತ್ರಿ ದೀಪ ಇಡುವುದು, ಕುರಿ ಕಳೆದುಕೊಂಡವರಿಗೆ ಪರಿಹಾರ ಕೇಳುವುದು, ಇವೆಲ್ಲ ಒಂದೇ ಚಿರತೆಗೆ ತಕ್ಕ ಯೋಚನೆಗಳು. ನಾಲ್ಕು ಎಂದುಕೊಂಡಿದ್ದಾಗ ಕೈಗೆ ಬಂದದ್ದು ದೊಣ್ಣೆ ಮಾತ್ರ.

“ಹಾಗಾದರೆ ಒಂದೇ ಅಂತೀರಾ ಮೇಷ್ಟ್ರೇ?” ಎಂದು ಆ ಹಿರಿಯರು ಕೇಳಿದರು. ಕ್ಯಾಮೆರಾಕ್ಕೆ ಸಿಕ್ಕಿದ್ದು ಒಂದು. ಸಿಕ್ಕದ್ದು ಇರಬಹುದು ಎಂದೆ. ಅವರು ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿ, “ಅದೂ ಸರಿ,” ಎಂದರು. ಸಂಖ್ಯಾಶಾಸ್ತ್ರದ ಮೊದಲ ಪಾಠ ಅದೇ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.